ಹಿಂದೆಯೂ ಮೂತಿ ಇರುವ ಸ್ಕೀ

ನನ್ನ ಷಡ್ಡಕರಿಗೆ ಹಿಮದ ಮೇಲೆ ಜಾರುವ ಸ್ಕೀಯ ಬಗ್ಗೆ ತಿಳಿಯದ್ದು ಒಂದೇ ಒಂದು: ಅದರ ಮೇಲೆ ನಿಲ್ಲುವುದು! ಉಳಿದದ್ದೆಲ್ಲ ಗೊತ್ತು. ಅದನ್ನೆಲ್ಲ ಕೇಳುವ ಕೆಲಸ ನನ್ನದು. ಕೆನಡಾದ ವಾನ್ ಊರಿನಲ್ಲಿರುವ ಅವರ ಬೇಸ್‌ಮೆಂಟಿಗೆ ಇಳಿದರೆ ಮೇಲೆ ಬರುವುದು ಯಾವಾಗಲೋ, ದೇವರೇ ಬಲ್ಲ.

"ನೋಡಪ್ಪ, ಇದು ಅಗಲ. ಹೊಸ ಸ್ನೋನಲ್ಲಿ ಹೂತ್ಕೊಳಲ್ಲ. ಇನ್ನೊಂದು ನೋಡು, ಇದರ ಸೊಂಟ ಸಣ್ಣ, ಹಗುರ. ಹಾರಿ ತಿರುಗೋರಿಗೆ ಇದೇ ಸರಿ."

"ಭಾವ, ಕಾಫಿ ಅಂದಿದ್ರಿ..."

"ತಾಳಪ್ಪ, ಇನ್ನೂ ಸ್ಕೀ ಬಾಲಕ್ಕೇ ಬಂದಿಲ್ಲ!"

ಅವರ ಮಗಳು ಹಾಗೆ ಸ್ಕೀ ಮೇಲೆ ಗಾಳಿಯಲ್ಲಿ ಹಾರಿ ತಿರುಗುವವಳು. ಒಮ್ಮೆ ಅವಳು, "ಸಾಫ್ಟ್ ಸ್ಕೀಸ್ ಆರ್ ಬೆಟರ್ ಫಾರ್ ಬಟರ್ಸ್" ಅಂದಳಂತೆ. ಸ್ಕೀಗೆ ಮೇಣ ಹಚ್ಚುವುದನ್ನು ಕಂಡಿದ್ದ ಇವರು ಫ್ರಿಜ್ಜಿನಿಂದ ಬೆಣ್ಣೆ ತೆಗೆದು, ದೋಸೆ ಕಾವಲಿಗೆ ಸವರುವಂತೆ ಶ್ರದ್ಧೆಯಿಂದ ಸವರಿದರು.

"ತುಪ್ಪ ಕಾಯ್ಸಕ್ಕೆ ಇಟ್ಟಿದ್ದು ರೀ ಅದು!" ಎಂದು ಹೆಂಡತಿ ಕೂಗಿದರು.

"ಅಪ್ಪಾ! ಬಟರ್ ಈಸ್ ಅ ಟ್ರಿಕ್!" ಎಂದು ಮಗಳು ಕೂಗಿದಳು.

ಸ್ಕೀಯ ಮೂತಿಯನ್ನು ಒತ್ತಿ ಬಾಗಿಸಿ ಗಿರಕಿ ಹೊಡೆಯುವುದಕ್ಕೆ ಆ ಹೆಸರಂತೆ. ಮೆತ್ತನೆಯ ಸ್ಕೀ ಸುಲಭವಾಗಿ ಬಾಗುತ್ತದೆ, ಅಷ್ಟೇ. "ಇವರಿಗೆ ಬೇರೆ ಹೆಸರೇ ಸಿಗಲಿಲ್ವಾ?" ಎಂದು ಗೊಣಗುತ್ತ ಷಡ್ಡಕರು ಬಿಸಿನೀರಿನಲ್ಲಿ ಉಜ್ಜುತ್ತ ಕೂತರು. ಇನ್ನೊಂದು ಸ್ಕೀ ಯಾರು ಉಜ್ಜಿದರು ಅಂತೀರಿ? ನಾನೇ!

ಷಡ್ಡಕರಿಗೆ ಈ ಹುಚ್ಚು ಹತ್ತಿದ್ದು ಹೋದ ಚಳಿಗಾಲದ ಒಂದು ದಿನ. ಆ ದಿನ ನಾನೂ ಗುಡ್ಡದ ಮೇಲಿದ್ದೆ. ಮಗಳ ಕಾಲಲ್ಲಿ ಇವರೇ ಆರಿಸಿ ಕೊಡಿಸಿದ, ಹಿಂತುದಿ ಚಪ್ಪಟೆಯಾಗಿದ್ದ ಸ್ಕೀ. ಅವಳು ಹಾರಿದಳು, ಗಾಳಿಯಲ್ಲಿ ಅರ್ಧ ತಿರುಗಿದಳು, ಬೆನ್ನು ಮುಂದಾಗಿ ಇಳಿದಳು. ಚಪ್ಪಟೆ ಬಾಲ ಹಿಮಕ್ಕೆ ಚುಚ್ಚಿಕೊಂಡಿತು. ಬಿದ್ದವಳು ಏಳಲಿಲ್ಲ. ಷಡ್ಡಕರು ಜಾರಿ, ಎದ್ದು, ಮತ್ತೆ ಜಾರಿ ಅವಳತ್ತ ಓಡಿದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಹೆಗಲ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಅವರು ಆಡಿದ್ದು ಒಂದೇ ಮಾತು: "ಸ್ಕೀ ನಾನೇ ಕೊಡ್ಸಿದ್ದು."

ಕಳೆದ ಶನಿವಾರ ಅವಳು ಅದೇ ಜಾಗದಲ್ಲಿ ಮತ್ತೆ ಹಾರಲು ನಿಂತಳು. ಈ ಸಲದ ಸ್ಕೀಗೆ ಹಿಂದೆಯೂ ಮೇಲಕ್ಕೆ ಬಾಗಿದ ಮೂತಿ. ಬಾಲಕ್ಕೂ ಮೂತಿ ಯಾಕೆ ಎಂದು ನಾನು ಬೇಸ್‌ಮೆಂಟಿನಲ್ಲೇ ಕೇಳಿದ್ದೆ. ಷಡ್ಡಕರು ನನ್ನ ತೋಳು ಹಿಡಿದು ಕಣ್ಣು ಮುಚ್ಚಿದರು.

"ಏನಾಯ್ತು ಹೇಳಪ್ಪ."

"ಹಾರಿದ್ಲು ಭಾವ. ತಿರುಗಿದ್ಲು. ಇಳಿದ್ಲು."

"ಆಮೇಲೆ?"

"ನಿಂತೇ ಇದ್ದಾಳೆ."

ಅವರು ಕಣ್ಣು ತೆರೆದರು. ಮಗಳು ಕೈ ಬೀಸುತ್ತ, ಹಿಮ್ಮುಖವಾಗಿ ಇಳಿಜಾರಿನಲ್ಲಿ ಜಾರಿಹೋಗುತ್ತಿದ್ದಳು.

"ಬಾಲಕ್ಕೂ ಮೂತಿ ಯಾಕೆ ಅಂತ ಕೇಳ್ತಿದ್ದೆಯಲ್ಲ," ಎಂದರು ಷಡ್ಡಕರು ಮೂಗು ಒರೆಸಿಕೊಳ್ಳುತ್ತ. "ನೋಡು, ದೂರ ಹೋಗ್ತಿದ್ರೂ ಮುಖ ನಮ್ಮ ಕಡೆಗೇ ಇದೆ."