ಮಾಮನ ಗಿಟಾರಿಗೆ ಕೈ ಬಂದದ್ದು

ನನ್ನ ಮದುವೆ ನಿಲ್ಲುವುದೇ ಇದ್ದರೆ ಜಾತಕಕ್ಕಾಗಿ ನಿಲ್ಲುತ್ತಿರಲಿಲ್ಲ, ಬಂಗಾರಕ್ಕಾಗಿಯೂ ನಿಲ್ಲುತ್ತಿರಲಿಲ್ಲ. ಒಂದು ಸ್ಪ್ರಿಂಗಿಗಾಗಿ ನಿಲ್ಲುತ್ತಿತ್ತು! ಹೆಬ್ಬೆರಳ ಗಾತ್ರದ ಸ್ಪ್ರಿಂಗು. ಅದನ್ನು ಕೊಂಡು ತಂದವನು ನನ್ನ ಸೋದರಮಾವ. ನಗಬೇಡಿ. ನಿಮಗೂ ಒಬ್ಬ ಸೋದರಮಾವ ಇದ್ದಾನು. ಆದರೆ ಅವನ ಕಿವಿ ನನ್ನ ಮಾಮನ ಕಿವಿಯಂಥದ್ದಲ್ಲ ಎಂದು ದೇವರಿಗೊಂದು ಕಾಯಿ ಒಡೆಸಿ.

ಮಾಮ ಸದಾಶಿವಗಡದವನು. ದಿನಾ ಕಾಳಿ ಸೇತುವೆ ದಾಟಿ ಕಾರವಾರದ ಕಚೇರಿಯೊಂದಕ್ಕೆ ಗುಮಾಸ್ತಿಕೆಗೆ ಹೋಗುತ್ತಿದ್ದ. ಹರೆಯದಲ್ಲಿ ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರು ನುಡಿಸುತ್ತಿದ್ದನಂತೆ. ಆರ್ಕೆಸ್ಟ್ರಾ ಮುಚ್ಚಿಹೋಯಿತು, ಗಿಟಾರು ಮನೆಯಲ್ಲುಳಿಯಿತು, ಕಿವಿ ತಲೆಯ ಮೇಲುಳಿಯಿತು. ಆ ಕಿವಿಗೆ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಮುಳ್ಳು ಚುಚ್ಚಿದ ಹಾಗೆ. ಕುಕ್ಕರು ಕೂಗಿದರೆ, "ಇದರ ವಾಸರು ಬದಲ್ಸಬೇಕು, ದನಿ ಇಳದದೆ" ಎನ್ನುತ್ತಿದ್ದ. ಬಸ್ಸಿನ ಹಾರ್ನು ಸರಿಯಿಲ್ಲವೆಂದು ಹತ್ತದೆ ಬಿಟ್ಟು, ಕಚೇರಿಗೆ ತಡವಾಗಿ ಹೋಗಿ, ಸಾಹೇಬರಿಂದ ಬೈಸಿಕೊಂಡು, ಕೊನೆಗೆ ಆ ಬೈಗುಳದ ಶ್ರುತಿ ಚೆನ್ನಾಗಿತ್ತೆಂದು ಮನೆಯಲ್ಲಿ ಹೊಗಳಿದ ಪುಣ್ಯಾತ್ಮ!

ಒಮ್ಮೆ ಬುಟ್ಟಿ ಹೊತ್ತು ಬಂದ ಮೀನು ಮಾರುವವಳಿಗೂ ಹೇಳಿದ, "ನೀ ಕೂಗೂದು ಕೊನಿಗೆ ಸ್ವಲ್ಪ ಜಾರ್ತದೆ ನೋಡು."

ಅವಳು ಬುಟ್ಟಿ ಇಳಿಸಿ ಸೊಂಟಕ್ಕೆ ಕೈಯಿಟ್ಟಳು. "ಬಾಂಗ್ಡೆ ಕಿವಿರು ನೋಡ್ರಾ ಅಂದ್ರೆ ನನ್ನ ಗಂಟ್ಲು ನೋಡ್ತ್ರಿ! ಬೇಕಾ, ಬ್ಯಾಡ್ವಾ?"

ಬೇಕೇ ಬೇಕಿತ್ತು. ಆದರೆ ಆಮೇಲೆ ಅವಳು ಆ ಮನೆಯ ಮುಂದೆ ಕೂಗುವುದನ್ನೇ ಬಿಟ್ಟು ಸುಮ್ಮನೆ ಹಾದುಹೋಗುತ್ತಿದ್ದಳು. ಮಾಮಿ ಬೀದಿ ಕೊನೆಯವರೆಗೆ ಓಡಿ ಮೀನು ತರಬೇಕಾಯಿತು.

ಈ ಕಿವಿಯ ಮೊದಲ ಬಲಿ ಮಾತ್ರ ನನ್ನ ಹೆತ್ತ ಆಯಿ, ಅವನ ಒಡಹುಟ್ಟಿದ ಅಕ್ಕ. ನಮ್ಮ ಕಡೆ ಮದುವೆಯಲ್ಲಿ ಮದುಮಕ್ಕಳಿಗೆ ಸೇಸೆ ಹಾಕುವುದುಂಟು. ಹೆಂಗಸರು ಆರತಿ ಎತ್ತಿ, ತಲೆಯ ಮೇಲೆ ಅಕ್ಷತೆ ಹಾಕುತ್ತ ಹಾಡು ಹೇಳುತ್ತಾರೆ. ನಮ್ಮ ಬಳಗದ ಮದುವೆಗಳಲ್ಲೆಲ್ಲ ಆ ಹಾಡು ಆಯಿಯದೇ. ದೊಡ್ಡ ದನಿ, ತುಂಬು ದನಿ. ಆದರೆ ಎರಡನೇ ಸಾಲಿನಲ್ಲಿ ಮಗಳು ಹೊಸಿಲು ದಾಟುವ ಮಾತು ಬರುತ್ತದೆ ನೋಡಿ, ಅಲ್ಲಿ ಆ ದನಿ ಒಮ್ಮೆ ಮೆಲ್ಲಗೆ ಕುಸಿದು ಮತ್ತೆ ಏಳುತ್ತಿತ್ತು. ಯಾವ ಮದುವೆಯಾದರೂ ಸರಿ, ಅಲ್ಲೇ, ಅಷ್ಟೇ. ಗಂಡಸರ ಸಾಲಿನಿಂದ ಮಾಮ ತಪ್ಪದೆ ಕೂಗುತ್ತಿದ್ದ, "ಇಳೀತು ಅಕ್ಕಾ, ಇಳೀತು!" ಆಯಿ ಹಾಡು ನಿಲ್ಲಿಸದೆ, ತಿರುಗಿಯೂ ನೋಡದೆ, ಒಂದು ಹಿಡಿ ಅಕ್ಷತೆ ಅವನತ್ತ ಬೀಸುತ್ತಿದ್ದಳು. ಮದುಮಗಳ ಪಾಲಿನ ಸೇಸೆಯಲ್ಲಿ ಅರ್ಧ ಮಾಮನ ತಲೆಗೆ! ಜನ ಇದನ್ನು ನೋಡಲೆಂದೇ ಊಟಕ್ಕೆ ಮೊದಲೇ ಬಂದು ಕೂರುತ್ತಿದ್ದರು.

ಆಮೇಲೆ ಆಯಿಯ ಗಂಟಲಲ್ಲಿ ಗಡ್ಡೆಯಾಯಿತು. ತೆಗೆಯದಿದ್ದರೆ ಜೀವಕ್ಕೇ ಅಪಾಯ, ತೆಗೆದರೆ ದನಿ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಒಂದು ಪಿಸುಮಾತು. ಅದನ್ನು ಕೇಳಲು ಕಿವಿಯನ್ನು ಬಾಯಿಯ ಹತ್ತಿರ ಒಯ್ಯಬೇಕಿತ್ತು. ಆಯಿ ಅತ್ತದ್ದನ್ನು ನಾನು ನೋಡಲಿಲ್ಲ. ಮಾಮ ಮಾತ್ರ ಆಮೇಲೆ ಯಾರ ಶ್ರುತಿಯನ್ನೂ ತಿದ್ದಲು ಹೋಗಲಿಲ್ಲ. ಕುಕ್ಕರು ತನ್ನಿಷ್ಟ ಬಂದ ಹಾಗೆ ಕೂಗಿಕೊಂಡಿತು.

ಹೀಗಿರುವಾಗ ನನಗೊಂದು ಗಂಡು ನೋಡಿದರು. ಅಂಕೋಲೆಯವನು. ಹುಡುಗನ ಕಡೆಯವರು ತೋಡೂರಿನ ನಮ್ಮ ಮನೆಗೆ ಬಂದು ಕೂತಿದ್ದಾರೆ, ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ, ಆಗ ಹುಡುಗನಿಗೆ ಅವಲಕ್ಕಿ ನೆತ್ತಿಗೇರಿ ಕೆಮ್ಮು ಬಂತು. ಮಾಮ ಎಷ್ಟೋ ತಿಂಗಳ ಮೇಲೆ ಕಿವಿ ನಿಗುರಿಸಿದ. "ಅಡ್ಡಿಲ್ಲ, ಕೆಮ್ಮು ಶ್ರುತಿಲಿ ಅದೆ. ಹೆಣ್ಣು ಕೊಡ್ಲಕ್ಕು." ಹುಡುಗನ ತಂದೆ ಅವಲಕ್ಕಿ ಬಟ್ಟಲನ್ನು ಕೆಳಗಿಟ್ಟರು. ಸಂಬಂಧ ಮುರಿಯಿತೆಂದೇ ನಾನು ಒಳಗೆ ಹಲ್ಲು ಕಚ್ಚಿದೆ. ಹುಡುಗ ಮಾತ್ರ ಕೆಮ್ಮುತ್ತಲೇ ನಕ್ಕುಬಿಟ್ಟ.

ಮದುವೆ ಗೊತ್ತಾದ ದಿನ ಆಯಿ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದಳು, "ಸೇಸೆ ಹಾಡು?" ಅಷ್ಟೇ. ಊರವರ ಹೆಣ್ಣುಮಕ್ಕಳಿಗೆಲ್ಲ ಹಾಡಿದವಳು, ಸ್ವಂತ ಮಗಳಿಗೆ ಹಾಡುವಂತಿಲ್ಲ. ನಾವು ಹೇಳ್ತೇವೆ ಎಂದು ಚಿಕ್ಕಮ್ಮಂದಿರು ಮುಂದೆ ಬಂದರು. ಆಯಿ ತಲೆಯಾಡಿಸಿ ಒಪ್ಪಿದಳು. ಆದರೆ ಆ ಮುಖ ನೋಡಲು ನನ್ನಿಂದಾಗಲಿಲ್ಲ. ಆಗ ಮೂಲೆಯಿಂದ ಮಾಮ ಹೇಳಿದ, "ಹಾಡೂದು ಯಾರೂ ಬ್ಯಾಡ. ನಾ ನುಡಸ್ತೆ."

ನುಡಿಸುವುದಾದರೆ ಸುಮ್ಮನೆ ನುಡಿಸಬಾರದೇ? ಇಲ್ಲ! ಮರುವಾರವೇ ಗೋವೆಯ ಮಡಗಾಂವಿಗೆ ಹೋಗಿ, ಹಳೆಯ ವಾದ್ಯಗಳ ಅಂಗಡಿಯಿಂದ ಒಂದು ಕಬ್ಬಿಣದ ಸಾಮಾನು ತಂದ. ಹೆಸರು ಟ್ರೆಮೊಲೊ. ಗಿಟಾರಿನ ಮೈಮೇಲೆ ಸ್ಕ್ರೂ ಹಾಕಿ ಕೂರಿಸುವುದು. ಒಂದು ಸ್ಪ್ರಿಂಗು, ಅದರ ಮೇಲೊಂದು ಉದ್ದ ಹಿಡಿಕೆ, ಅದಕ್ಕೆ ಕೈ ಎನ್ನುತ್ತಾರೆ. ಕೈ ಒತ್ತಿದರೆ ತಂತಿಗಳು ಸಡಿಲಾಗಿ ದನಿ ಕೆಳಗಿಳಿಯುತ್ತದೆ, ಬಿಟ್ಟರೆ ಮೇಲೆ ಬರುತ್ತದೆ. ಬರಬೇಕು! ಮಾಮ ಒತ್ತಿದ. ದನಿ ಬಾವಿಗಿಳಿದ ಕೊಡದಂತೆ ಇಳಿಯಿತು. ಬಿಟ್ಟ. ಒಂದು ತಂತಿ ಕೆಳಗೇ ಉಳಿಯಿತು, ಒಂದು ಅರ್ಧಕ್ಕೆ ಬಂತು, ಮತ್ತೊಂದು ಇದ್ದದ್ದಕ್ಕಿಂತ ಮೇಲೆ ಹೋಗಿ ಕೂತಿತು. ಆಸ್ತಿ ಪಾಲಾದ ಮೇಲಿನ ಅಣ್ಣತಮ್ಮಂದಿರ ಹಾಗೆ ಒಂದರ ಮುಖ ಇನ್ನೊಂದು ನೋಡಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಗ್ರಹಚಾರ! ಆ ಕೈಯನ್ನು ಮುಟ್ಟದಿದ್ದರೆ ಗಿಟಾರು ಸರಿ. ಮುಟ್ಟಿದರೆ ಬೇಸುರ. ಮಾಮ ಸ್ಪ್ರಿಂಗು ಬಿಗಿ ಮಾಡಿದ, ಸಡಿಲ ಮಾಡಿದ. ತಂತಿ ಬದಲಿಸಿದ. ಹೊಸ ತಂತಿ ಎಳೆದು ಎಳೆದು ಪಳಗಿಸುವುದರೊಳಗೆ ನಮ್ಮ ಉಪ್ಪುಗಾಳಿಗೆ ಅದಕ್ಕೆ ತುಕ್ಕು. ಗಿಟಾರಿನ ಕುತ್ತಿಗೆಯ ತುದಿಯಲ್ಲಿ ಒಂದು ಬಿಳಿ ಪಟ್ಟಿಯಿದೆ. ಅದರ ಕಚ್ಚುಗಳಲ್ಲಿ ತಂತಿ ಸಿಕ್ಕಿಕೊಳ್ಳುವುದೇ ರೋಗದ ಮೂಲವೆಂದು ಕೊನೆಗೆ ಪತ್ತೆ ಮಾಡಿದ. ಕೊಬ್ಬರಿ ಎಣ್ಣೆ ಹಚ್ಚಿದ.

"ನನ್ನ ತಲಿಗೆ ಎಣ್ಣೆ ಇಲ್ಲ, ಅದರ ತಲೆ ನೋಡು ಹೆಂಗೆ ಮಿಂಚ್ತದೆ!" ಎಂದಳು ಮಾಮಿ. ಎಣ್ಣೆಗೆ ಇರುವೆ ಬಂದವು. ಆಮೇಲೆ ಪೆನ್ಸಿಲ್ಲಿನ ಸೀಸದ ಪುಡಿ ತುಂಬಿದ. ತಂತಿ ಸಲೀಸಾಗಿ ಜಾರಿತು! ಆದರೆ ಪುಡಿ ಉದುರಿದ ಕೂಡಲೇ ಮತ್ತೆ ಹಳೇ ಕತೆ. ನಾನು ಕಾರವಾರದ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ನನ್ನ ಪೆನ್ಸಿಲುಗಳೆಲ್ಲ ಒಂದೊಂದಾಗಿ ಸದಾಶಿವಗಡ ಸೇರಿದವು.

ಮದುವೆ ಹತ್ತಿರ ಬಂತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಒಂದು ದಿನ ಸೇತುವೆ ದಾಟಿ ಹೋಗಿ ಕೇಳಿಯೇಬಿಟ್ಟೆ. "ಮಾಮಾ, ಆ ಕೈ ಕಿತ್ತು ಕಾಳಿ ಹೊಳಿಗೆ ಒಗಿ! ಕೈ ಇಲ್ದೇ ಇದ್ರೆ ಚೆಂದ ನುಡೀತದೆ ಹೌದಾ, ಅಲ್ವಾ?"

"ಹೌದು."

"ಮತ್ತೆ ಅದು ಎಂತಕೆ?"

ಮಾಮ ತಂತಿಯೊಂದನ್ನು ಬೆರಳಲ್ಲಿ ಎಳೆದು ತೋರಿಸಿದ. "ನೋಡು, ಬೆರಳಲ್ಲಿ ಎಳದ್ರೆ ದನಿ ಏರ್ತದೆ ಅಷ್ಟೇ. ಇಳ್ಸುಕೆ ಈ ಕೈಯೇ ಆಗಬೇಕು ತಂಗಿ."

"ಇಳ್ಸೂದು ಯಾರಿಗೆ ಬೇಕಾಗದೆ? ನೀನೇ ಅಲ್ವಾ ಜನ್ಮ ಪೂರ್ತಿ ಇಳೀತು ಇಳೀತು ಹೇಳಿ ಬೊಬ್ಬೆ ಹೊಡದದ್ದು? ನನ್ನ ಮದ್ವೆಲಿ ಆಯಿ ಎದುರಿಗೆ ಅದು ಬೇಸುರ ಆದ್ರೆ ನಾ ನಿನ್ನ ಕೂಡೆ ಮಾತಾಡೂದಿಲ್ಲ!"

ಅವನು ಮಾಮಿಗೆ ಚಹಾ ಇಡಲು ಹೇಳಿದ. ನಾನು ಚಹಾ ಕುಡಿಯದೆ ಬಂದೆ.

ಮದುವೆ ಅಂಕೋಲೆಯ ಸಭಾಭವನದಲ್ಲಿ. ಬೆಳಿಗ್ಗೆ ಹೊರಟ ಟೆಂಪೊದಲ್ಲಿ ಮಾಮ ಗಿಟಾರನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದ. ನೌಕಾನೆಲೆಯ ಕೆಲಸದ ಲಾರಿಗಳು ಓಡಾಡಿ ರಸ್ತೆ ಹೊಂಡ ಬಿದ್ದಿತ್ತು. ಪ್ರತಿ ಹೊಂಡಕ್ಕೂ ಅವನು, "ಡ್ರೈವರಾ, ಸಾವಕಾಶ!" ಎನ್ನುತ್ತಿದ್ದ. "ಒಳಗೆ ಬಸ್ರಿ ಹೆಂಗಸ್ರು ಯಾರಾರೂ ಇದ್ದಾರ್ರಾ?" ಎಂದು ಡ್ರೈವರು ಗಾಬರಿಯಿಂದ ಕೇಳಿದ. ಯಾರೂ ನಗಲಿಲ್ಲ. ನಕ್ಕರೆ ನಾನು ಸಿಡಿಯುತ್ತಿದ್ದೆನೆಂದು ಎಲ್ಲರಿಗೂ ಗೊತ್ತಿತ್ತು.

ಸಭಾಭವನ ಎಂದರೆ ತಗಡಿನ ಮಾಡು, ಕೆಳಗೆ ಬೆವರು. ವಿಡಿಯೊದವನ ದೀಪದ ಬಿಸಿಗೆ ತಂತಿಗಳು ಒಂದೊಂದೂ ಒಂದೊಂದು ದಾರಿ ಹಿಡಿದವು. ಇತ್ತ ಭಟ್ಟರ ಮಂತ್ರ, ಅತ್ತ ಮಾಮನ ಟೊಯ್ಂ ಟೊಯ್ಂ. ಪಂಚವಾದ್ಯದವನ ಹತ್ತಿರ ಹೋಗಿ, "ನಿಮ್ಮದು ಸ್ವಲ್ಪ ಮೇಲದೆ, ನನ್ನ ಕಿವಿ ಕೆಡ್ತದೆ" ಎಂದನಂತೆ. ಅವನು ಬೆವರು ಒರೆಸಿಕೊಂಡು, "ಸ್ವಾಮೀ, ನಿಮ್ಮದು ಕರೆಂಟಿಂದು, ನಮ್ಮದು ಉಸ್ರಿಂದು, ಬಿಡಿ" ಎಂದ. ಮಾತು ಮುಗಿಯುವುದರೊಳಗೆ ಕರೆಂಟೂ ಹೋಯಿತು! ಜನರೇಟರು ಕೆಮ್ಮಿತು, ಸುಮ್ಮನಾಯಿತು, ಮತ್ತೆ ಕೆಮ್ಮಿತು. ನನ್ನ ಕೊರಳಿಗೆ ತಾಳಿ ಬಿದ್ದದ್ದು ಆ ಕೆಮ್ಮುಗಳ ನಡುವೆ. ನನಗೆ ತಾಳಿಯ ಕಡೆ ಲಕ್ಷ್ಯವೇ ಇರಲಿಲ್ಲ. ಕಣ್ಣು ಆಯಿಯ ಮೇಲಿತ್ತು. ಅವಳು ಸೇಸೆಯ ಹರಿವಾಣ ಹಿಡಿದು ಬಂದು ನನ್ನೆದುರು ನಿಂತಿದ್ದಳು, ತುಟಿ ಬಿಗಿದುಕೊಂಡು.

ಕರೆಂಟು ಬಂತು. ಮಾಮ ಮೆಲ್ಲಗೆ ಗಿಟಾರಿನ ಕೈ ಒತ್ತಿ ಬಿಟ್ಟು ನೋಡಿದ. ಬೇಸುರ! ಅವನ ಮುಖದ ರಕ್ತ ಇಳಿಯಿತು. "ಪೆನ್ಸಿಲ್! ನಂದು ಟೆಂಪೊದಲ್ಲೇ ಉಳೀತು. ಯಾರ ಹತ್ರ ಅದೆ ಪೆನ್ಸಿಲ್?" ಮದುವೆಮನೆಯಲ್ಲಿ ಕುಂಕುಮ ಕೇಳಿ, ಗಂಧ ಕೇಳಿ, ಪೆನ್ಸಿಲ್ ಎಲ್ಲಿಂದ ಬರಬೇಕು? ಅಡುಗೆಯವರನ್ನು ಕೇಳಿದರು, ಭಟ್ಟರನ್ನು ಕೇಳಿದರು. ಬೇಡ ಮಾಮಾ, ಹಾಗೇ ನುಡಿಸು, ಆ ಕೈ ಮುಟ್ಟಬೇಡ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಆಗ ನನ್ನ ಪಕ್ಕದಲ್ಲಿ ಕೂತಿದ್ದ ಮದುಮಗ ಪಂಚೆಯ ಸೊಂಟದಿಂದ ಏನೋ ತೆಗೆದು ಚಾಚಿದ. ಮೋಟು ಪೆನ್ಸಿಲು! "ಪೆನ್ಸಿಲ್ ಕತೆ ನೀನೇ ಹೇಳಿದ್ಯಲ್ಲ, ಬೇಕಾಗ್ಬಹುದು ಅನ್ಸಿತು" ಎಂದ. ಇವನ ಜೊತೆ ಬಾಳಬಹುದು ಎಂದು ನನಗೆ ಖಾತ್ರಿಯಾದದ್ದು ಆ ಕ್ಷಣದಲ್ಲಿ. ತಾಳಿ ಕಟ್ಟಿ ಆಗಿತ್ತು, ಆ ಮಾತು ಬೇರೆ.

ಮಾಮ ಕಚ್ಚುಗಳಿಗೆ ಸೀಸ ತಿಕ್ಕಿದ. ಕೈ ಒತ್ತಿದ, ಬಿಟ್ಟ, ಕಿವಿಗೊಟ್ಟ. ನುಡಿಸಲು ಶುರುಮಾಡಿದ.

ಮೊದಲ ಸಾಲು ನೂಲು ಹಿಡಿದಂತೆ ಬಂತು. ಆಯಿಯ ತುಟಿ ಸದ್ದಿಲ್ಲದೆ ಜೊತೆಗೆ ಆಡುತ್ತಿತ್ತು. ಎರಡನೇ ಸಾಲು. ಮಗಳು ಹೊಸಿಲು ದಾಟುವ ಮಾತಿನ ಹತ್ತಿರ ಬಂತು. ಮಾಮನ ಅಂಗೈ ಆ ಕೈಯ ಮೇಲೆ ಕೂತದ್ದನ್ನು ಕಂಡೆ. ಬೇಡವೋ ಎಂದುಕೊಂಡೆ. ಒತ್ತಿಯೇಬಿಟ್ಟ. ದನಿ ಮೆಲ್ಲಗೆ ಕುಸಿಯಿತು. ಹೋಯಿತು, ಎಲ್ಲ ಹಾಳಾಯಿತು ಎಂದು ಕಣ್ಣುಮುಚ್ಚಿದೆ. ಅಷ್ಟರಲ್ಲಿ ಅದು ಮೆಲ್ಲಗೆ ಎದ್ದು ತನ್ನ ಜಾಗಕ್ಕೆ ಬಂದು ನಿಂತಿತು, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ.

ಆಗ ನನಗೆ ತಿಳಿಯಿತು. ಅದು ಬೇಸುರವಲ್ಲ. ಅದು ಆಯಿ! ಅಲ್ಲೇ, ಅಷ್ಟೇ. ಬಳಗದ ಮದುವೆಗಳಲ್ಲೆಲ್ಲ ಕುಸಿದ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ. ಇಷ್ಟು ದಿನ ಮಾಮ ಶ್ರುತಿಗಾಗಿ ಜೀವ ತೇಯ್ದದ್ದು ಅಕ್ಕನ ಆ ಒಂದು ತಪ್ಪನ್ನು ತಪ್ಪದೆ ನುಡಿಸಲಿಕ್ಕೆ. ಸಾಲಿನಲ್ಲಿ ಕೂತ ಮುದುಕಿಯರಿಗೆಲ್ಲ ಗುರುತು ಹತ್ತಿತು. ಯಾರೋ ಸೆರಗು ಬಾಯಿಗೊತ್ತಿಕೊಂಡರು.

ಆಯಿಯ ಕೈ ಹರಿವಾಣದ ಮೇಲೆ ನಿಂತುಬಿಟ್ಟಿತ್ತು. ಅವಳು ಮಾಮನತ್ತ ತಿರುಗಿದಳು. ನಾನು ಹತ್ತಿರವಿದ್ದುದರಿಂದ ಆ ಪಿಸುಮಾತು ನನಗೆ ಕೇಳಿತು.

"ಇಳೀತು."

ಮಾಮನಿಗೆ ಅಷ್ಟು ದೂರಕ್ಕೆ ಹೇಗೆ ಕೇಳಿತೋ! ಆ ಕಿವಿಯಲ್ಲವೇ? ನುಡಿಸುತ್ತಲೇ ತಲೆಯೆತ್ತಿದ. ಅವನ ಕೆನ್ನೆ ಒದ್ದೆಯಾಗಿತ್ತು.

"ಇಳೀಲಿಲ್ಲ ಅಕ್ಕಾ, ಇಳ್ಸಿದ್ದು!"

ನಾನು ತಡೆಯದೆ ಅತ್ತೆ, ಎಲ್ಲರೆದುರಿಗೆ, ಜೋರಾಗಿ, ಶ್ರುತಿಯ ಹಂಗಿಲ್ಲದೆ. ಆಯಿ ಹರಿವಾಣದಿಂದ ಒಂದು ಹಿಡಿ ತುಂಬ ಅಕ್ಷತೆ ಎತ್ತಿದಳು. ನನ್ನ ತಲೆಗೆಂದು ನಾನು ಬಾಗಿದೆ. ಅವಳು ಅದನ್ನು ಮಾಮನತ್ತ ಬೀಸಿದಳು.