ಮೂರು ಕ್ಯಾಸೆಟ್ಟಿನ ಹಿಟ್ಲರ್

"ಈ ದೇಶ ಸರಿಯಾಗ್ಬೇಕು ಅಂದ್ರೆ ಒಬ್ಬ ಹಿಟ್ಲರ್ ಬರ್ಬೇಕು ಕಣ್ರೋ!"

ಸೊರಬದ ಖಾಸಗಿ ಹೈಸ್ಕೂಲೊಂದರ ಹೆಡ್‌ಮಾಸ್ಟರ್ ಹುಚ್ಚರಾಯಪ್ಪ ಶನಿವಾರದ ಪ್ರಾರ್ಥನೆಯಲ್ಲಿ ಹೀಗೆ ಗುಡುಗುವುದು ಹೊಸದೇನಲ್ಲ. ಮಕ್ಕಳು ಆಕಳಿಸುತ್ತಿದ್ದರು, ಮೇಷ್ಟ್ರುಗಳು ತಲೆಯಾಡಿಸುತ್ತಿದ್ದರು. ಆದರೆ ಅವತ್ತು ಇತಿಹಾಸದ ಮೇಷ್ಟ್ರು ಲೋಕಪ್ಪನ ಬಾಯಿ ಅವನ ಹಿಡಿತ ತಪ್ಪಿತು.

"ಸರ್, ಅವನು ಲಕ್ಷಗಟ್ಟಲೆ ಜನರನ್ನ ಕೊಲ್ಲಿಸಿದವನು."

ಆಕಳಿಸುತ್ತಿದ್ದ ಮಕ್ಕಳು ಕತ್ತೆತ್ತಿ ನೋಡಿದರು. ಲೋಕಪ್ಪನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಮಾಡುವುದೂ ಬಿಡುವುದೂ ಹುಚ್ಚರಾಯಪ್ಪನವರ ಕೈಯಲ್ಲಿತ್ತು.

"ನೀವೇನು ಹೋಗಿ ನೋಡ್ಕಂಡು ಬಂದ್ರೇನ್ರೀ? ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಮಗೂ ತೋರಿಸಿ. ಇಲ್ಲಾಂದ್ರೆ ಸೋಮವಾರ ಬರೋ ತೊಂದ್ರೆ ತಗೋಬೇಡಿ."

ತೋರಿಸುವುದು ಹೇಗೆ? ಪುಸ್ತಕ ಕೊಟ್ಟರೆ ಹುಚ್ಚರಾಯಪ್ಪ ಅದರಿಂದ ಗಾಳಿ ಬೀಸಿಕೊಳ್ಳುವವರು. ಸಿನಿಮಾ ಆದರೆ ಕಣ್ಣಾದರೂ ಬಿಟ್ಟು ನೋಡಿಯಾರು. ಲೋಕಪ್ಪ ಶಿರಾಳಕೊಪ್ಪದ ಬಸ್ಸು ಹತ್ತಿ ಮಾಸ್ತಪ್ಪನ ವಿಡಿಯೋ ಅಂಗಡಿಗೆ ಓಡಿದ.

"ಹಿಟ್ಲರಾ? ಯಾವ ನಮೂನಿದು ಬೇಕ್ರೀ ಮೇಷ್ಟ್ರೇ?" ಮಾಸ್ತಪ್ಪ ವಿಚಾರಿಸಿದ. "ನಗಿಸೋದೈತಿ, ಗುಂಡು ಹಾರಿಸೋದೈತಿ, ಅಳಿಸೋದೈತಿ."

"ನಿಜವಾದ್ದು?"

"ಅದಕ್ಕೆ ಗಿರಾಕಿ ಇಲ್ರೀ."

ಲೋಕಪ್ಪ ಮೂರನ್ನೂ ಬಾಡಿಗೆಗೆ ತಗೊಂಡು, ವಿಸಿಆರ್ ಪೆಟ್ಟಿಗೆಯನ್ನು ಎಳೆ ಮಗುವಿನ ಹಾಗೆ ಎದೆಗವಚಿಕೊಂಡು ಸೊರಬಕ್ಕೆ ಬಂದಿಳಿದ.

ಹೆಡ್‌ಮಾಸ್ಟರ ಮನೆಯ ಟೀವಿ ಸ್ಟಾಫ್ ರೂಮಿಗೆ ಬಂತು. ಹಿಟ್ಲರ್, ಅವನು ಕೊಲ್ಲಿಸಿದವರು ಬರುವ ಜಾಗಗಳನ್ನಷ್ಟೇ ಓಡಿಸಿ ಹುಡುಕಿ ತೋರಿಸುವುದೆಂದು ತೀರ್ಮಾನವಾಯಿತು.

ಮೊದಲನೆಯದರಲ್ಲಿ ಆತ ಭಾಷಣ ಮಾಡುತ್ತಾ ಮಾಡುತ್ತಾ ವೇದಿಕೆಯಿಂದ ಹಿಟ್ಟಿನ ಗುಡಾಣಕ್ಕೆ ಬಿದ್ದ. ಎದ್ದು ಸೀನಿದ. ಮೀಸೆ ಉದುರಿತು. ಡ್ರಿಲ್ ಮೇಷ್ಟ್ರು ಮಲ್ಲೇಶಪ್ಪ ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. "ಇಂಥ ತಮಾಷೆ ಮನುಷ್ಯ ಯಾರನ್ನ ಕೊಲ್ತಾನ್ರೀ ಲೋಕಪ್ಪ?"

ಎರಡನೆಯದರಲ್ಲಿ ಆತ ಮೇಜು ಗುದ್ದಿದ್ದೇ ಗುದ್ದಿದ್ದು. ಸೈನ್ಯ ಗೆರೆ ಎಳೆದ ಹಾಗೆ ಹೆಜ್ಜೆ ಹಾಕಿತು, ಬೂಟು ಕನ್ನಡಿಯಂತೆ ಹೊಳೆಯಿತು. ಹುಚ್ಚರಾಯಪ್ಪನವರ ಕಣ್ಣು ತುಂಬಿ ಬಂತು. "ಮಲ್ಲೇಶಪ್ಪ, ಆಗಸ್ಟ್ ಹದಿನೈದಕ್ಕೆ ನಮ್ಮ ಹುಡುಗರೂ ಹಿಂಗೇ ನಡೀಬೇಕು."

ಮೂರನೆಯದೇ ಗತಿ ಎಂದು ಲೋಕಪ್ಪ ಬೆವರೊರೆಸಿಕೊಂಡ. ಅದರಲ್ಲಿ ಆತ ಮುದುಕನಾಗಿ, ನಡುಗುವ ಕೈಯಲ್ಲಿ ನಾಯಿಗೆ ಬಿಸ್ಕತ್ತು ತಿನ್ನಿಸುತ್ತಿದ್ದ. ಹಿಂದೆ ಪಿಟೀಲು ಕುಯ್ಯೋ ಎನ್ನುತ್ತಿತ್ತು. ಹೊಲಿಗೆ ಟೀಚರ್ ವನಜಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಪಾಪ ಕಣ್ರೀ. ಒಂದು ಲೋಟ ಬಿಸಿ ಕಾಫಿ ಕೊಡೋರೂ ಇಲ್ಲ ಆ ಜೀವಕ್ಕೆ."

ಲೋಕಪ್ಪನ ತಲೆ ಕಾದ ಬಾಣಲೆಯಾಯಿತು. ಟೀವಿ ಆರಿಸಿ ಮೇಜು ಗುದ್ದಿದ.

"ಪಾಪನಾ? ಮೂರು ಕ್ಯಾಸೆಟ್ ನೋಡಿದ್ವಿ. ಅವನು ವಿಷದ ಗಾಳಿ ಬಿಟ್ಟು ಸಾಯಿಸಿದ ಒಬ್ಬ ಮುದುಕಿ, ಒಂದು ಕೂಸು ಕಂಡ್ರೇನ್ರೀ? ಅವನ ಮೀಸೆ ತೋರಿಸ್ತಾರೆ, ಬೂಟು ತೋರಿಸ್ತಾರೆ, ನಾಯಿ ತೋರಿಸ್ತಾರೆ! ಸಿನಿಮಾದೋರಿಗೆ ನಾಚಿಕೆ ಇಲ್ಲ, ನೋಡೋ ನಿಮಗೂ ಇಲ್ಲ! ಮಲ್ಲೇಶಪ್ಪ, ನಿಮ್ಮದು ಈಸೂರಲ್ವಾ? ನಲವತ್ತೆರಡರಲ್ಲಿ ನಿಮ್ಮೂರು ಸ್ವಾತಂತ್ರ್ಯ ಸಾರಿದಾಗ ಬ್ರಿಟಿಷರ ಜಾಗದಲ್ಲಿ ಇವನಿದ್ದಿದ್ರೆ ಇವತ್ತು ನಗೋಕೆ ನೀವೂ ಇರ್ತಿರಲಿಲ್ಲ, ನಿಮ್ಮ ಊರೂ ಇರ್ತಿರಲಿಲ್ಲ! ಬಾಯಿ ಮುಚ್ಚಿ ಕೂತ್ಕೊಳ್ಳಿ ಎಲ್ರೂ!"

ಕೂದಲು ಹಣೆ ಮೇಲೆ ಬಿದ್ದಿತ್ತು. ಬಲಗೈ ಮೇಲೆದ್ದು ನಿಂತಿತ್ತು. ಹೇಳಬೇಕಾದ್ದನ್ನು ಕೊನೆಗೂ ಹೇಳಿದೆ ಎಂದು ಅವನಿಗೆ ಹಗುರವೆನಿಸಿತು. ನೌಕರಿ ಹೋದರೆ ಹೋಗಲಿ.

ಹುಚ್ಚರಾಯಪ್ಪ ನಿಧಾನವಾಗಿ ಎದ್ದು ಬಂದು ಅವನ ಭುಜ ಹಿಡಿದರು. ಅವರ ಮುಖ ಮದುವೆ ಮನೆಯಂತೆ ಬೆಳಗುತ್ತಿತ್ತು.

"ಇಷ್ಟು ದಿನ ನಿಮ್ಮನ್ನ ಹಸು ಅಂದ್ಕೊಂಡಿದ್ನಲ್ರೀ! ಎಂಥ ಗಂಟಲು, ಎಂಥ ಗುದ್ದು! ಆ ಕ್ಯಾಸೆಟ್ಟಿನ ಮೂರು ಜನ ನಿಮ್ಮ ಮುಂದೆ ಏನೂ ಅಲ್ಲ. ನೌಕರಿ ಖಾಯಂ. ಸೋಮವಾರದಿಂದ ಸ್ಕೂಲಿನ ಶಿಸ್ತೆಲ್ಲ ನಿಮ್ಮ ಕೈಗೆ. ಮಕ್ಕಳದ್ದಷ್ಟೇ ಅಲ್ಲ, ಇವರೆಲ್ಲರದ್ದೂ."

ಬೇಡ ಎನ್ನಲು ಲೋಕಪ್ಪ ಬಾಯಿ ತೆರೆದ.

ಸ್ಟಾಫೆಲ್ಲ ದಡಬಡ ಎದ್ದು ನಿಂತಿತು.