ಮಾವನ ಕರಿ ಬಟ್ಟೆ

ಟಣ್... ಟಣ್... ಟಣ್! ಎಪ್ಪತ್ತರ ದಶಕದ ಹೊನ್ನಾಳಿ ಎಂದರೆ ನನಗೆ ಈ ಸದ್ದೇ. ತಾರಸಿಯ ಮೇಲೆ ನಮ್ಮ ಸೋದರಮಾವ ತಗಡುಗಳನ್ನು ಉಗುರಿನಿಂದ ಬಡಿದು ನೋಡುವ ಸದ್ದು. ತಾನೇ ಮಾಡಿದ್ದನ್ನು ಬಿಸಿಲು ಮಳೆಗೆ ಒಡ್ಡಿ, ಹಾಳಾಗುತ್ತದೋ ಇಲ್ಲವೋ ಎಂದು ಕಾಯುತ್ತ ಕೂರುವ ಇನ್ನೊಬ್ಬ ಮನುಷ್ಯನನ್ನು ನಾನಂತೂ ಕಂಡಿಲ್ಲ!

ಗೇಟು, ಕಿಟಕಿಗಳಿಗೆ ಬಣ್ಣ ಬಳಿಯುವ ಅಂಗಡಿ ಮಾವನದು. ಅವರೇ ಕಲಸಿದ ಪಾಲಿಮರ್ ಕೋಟಿಂಗ್ ಐದು ವರ್ಷ ತಾಳಿದರೆ ತೆಗೆದುಕೊಳ್ಳುತ್ತೇವೆ ಎಂದು ಯಾವುದೋ ಪೇಂಟ್ ಕಂಪನಿ ಹೇಳಿತ್ತು. ಅಷ್ಟು ಸಾಕಾಯಿತು! ಆ ಕೋಟಿಂಗ್ ಬಳಿದ ಹನ್ನೆರಡು ತಗಡು ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ನಿಂತವು. ಅತ್ತೆಯ ಹಪ್ಪಳಕ್ಕೆ ತಾರಸಿ ಬಂದ್.

"ಮಳೆ ಬಂದ್ರೆ ಜನ ಬಟ್ಟೆ ತೆಗಿಯಾಕೆ ಓಡ್ತಾರೆ, ನೀವು ತಗಡು ನೆನೀತೈತಾ ನೋಡಾಕೆ ಓಡ್ತೀರಿ! ಅದನ್ನೇ ಕಟ್ಕೋಬೇಕಿತ್ತು ನೀವು."

"ನಿನ್ನನ್ನೂ ಐದು ವರ್ಷ ಬಿಸಿಲಿಗಿಟ್ಟು ನೋಡಿ ಆಮೇಲೆ ಕಟ್ಕೋಬೇಕಿತ್ತು!"

ತಿಂಗಳಿಗೊಮ್ಮೆ ಮಾವ ಕರಿ ಬಟ್ಟೆಯಿಂದ ತಗಡಿನ ಒಂದು ಮೂಲೆ ಒರೆಸುತ್ತಿದ್ದರು. ಬಿಳಿ ಪುಡಿ ಹತ್ತಿದಷ್ಟೂ ಕೋಟಿಂಗ್ ಸವೆದಿದೆ ಎಂದರ್ಥ. ಇದನ್ನು ನನಗೆ ಯಾರು ಹೇಳಿದ್ದರು? ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಕಲಿಸಿದರು, ಇದನ್ನಲ್ಲ!

ಐದನೆಯ ವರ್ಷದ ದಸರಾ ರಜೆ. ಆಯುಧಪೂಜೆಗೆ ಮನೆಯ ಕುಡುಗೋಲು, ಹಾರೆ ಎಲ್ಲ ಫಳಫಳ. ಮಾವನ ಆಯುಧ ಮಾತ್ರ ಧೂಳು ಹಿಡಿದಿರಬೇಕೇ? ಸರ್‌ಪ್ರೈಸ್ ಇರಲಿ ಎಂದು ಹುಣಸೆಹಣ್ಣು, ಬೂದಿ ಹಚ್ಚಿ ಹನ್ನೆರಡನ್ನೂ ಉಜ್ಜಿ, ವಿಭೂತಿ ಎಳೆದು, ಕುಂಕುಮವಿಟ್ಟೆ. ವೆರಿ ಆರ್ಟಿಸ್ಟಿಕ್!

ಮಾವ ಮೇಲೆ ಬಂದರು. ಕರಿ ಬಟ್ಟೆ ಕೈಯಲ್ಲೇ ಉಳಿಯಿತು.

"ಅದು ಧೂಳಲ್ಲವ್ವ," ಎಂದರು ಮೆಲ್ಲಗೆ. "ಎಷ್ಟು ಸವೆದೈತೆ ಅಂತ ಹೇಳೋ ಬಾಯಿ ಅದು."

ಒಂದೂ ಬೈಗುಳವಿಲ್ಲ. ಕಂಪನಿಗೆ 'ನನ್ನದೇ ಅಜಾಗ್ರತೆ' ಎಂದು ಬರೆದು, ಮರುದಿನವೇ ಹೊಸ ಹನ್ನೆರಡು ತಗಡು ನಿಲ್ಲಿಸಿದರು. "ಬಿಸಿಲೇನು ಊರು ಬಿಟ್ಟು ಹೋಗಾಕಿಲ್ಲ!"

ಎರಡನೆಯ ಐದು ವರ್ಷ ತುಂಬಲು ಎರಡು ತಿಂಗಳಿರುವಾಗ ಮಾವ ತೀರಿಕೊಂಡರು. ಕೋಟಿಂಗ್ ತಾಳಿತು. ಅತ್ತೆ ಆ ತಗಡುಗಳನ್ನು ಕೊನೆಯವರೆಗೂ ಇಳಿಸಲಿಲ್ಲ, ಹಪ್ಪಳ ಕೆಳಗಿನ ಅಂಗಳದಲ್ಲೇ ಒಣಗಿದವು.

ನಾನು ಮಾವನನ್ನು ಕೊನೆಯ ಸಲ ನೋಡಿದ್ದು ಅವರು ತೀರಿಕೊಂಡ ವರ್ಷವೇ, ಮದುವೆಯಾಗಿ ಹೊರಟಾಗ, ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ. ಕಿಟಕಿಯ ಬಳಿ ನಿಂತವರಿಗೆ ಅಳುತ್ತಲೇ, "ಸಾರಿ ಮಾವ, ನಿಮ್ಮ ಐದು ವರ್ಷ ಹಾಳು ಮಾಡಿಬಿಟ್ಟೆ" ಎಂದೆ. ಅವರು ಜೇಬಿನಿಂದ ಕರಿ ಬಟ್ಟೆ ತೆಗೆದು ನನ್ನ ಕೆನ್ನೆ ಒರೆಸಿದರು. ಅಭ್ಯಾಸಬಲ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಫೇಸ್ ಪೌಡರ್ ಅಷ್ಟೂ ಅದರ ಮೇಲೆ!

"ಏ, ನೀನೂ ಫೇಲ್ ಕಣವ್ವ!"

ಬಸ್ಸು ಹೊರಟಿತು. ಬಟ್ಟೆಯನ್ನು ಕೊಡವದೆ, ಜೋಪಾನವಾಗಿ ಮಡಚಿ, ಜೇಬಿಗಿಟ್ಟುಕೊಂಡರು.